ಮೊದಲು ತಣ್ಣಗಾಗಿಸಿ, ಆಮೇಲೆ ನೋಡಿ

ಕ್ಯಾನ್ಸರ್ ಇರುವ ಜಾಗ ಸುತ್ತಲಿನ ಚರ್ಮಕ್ಕಿಂತ ತುಸು ಬಿಸಿ ಇರಬಲ್ಲದು ಎಂಬುದು ವೈದ್ಯರಿಗೆ ಹಳೆಯ ಸುದ್ದಿ. ಮಾಂಟ್ರಿಯಲ್‌ನ ಶಸ್ತ್ರವೈದ್ಯ ರೇ ಲಾಸನ್ 1956ರಲ್ಲೇ ಸ್ತನದ ಗೆಡ್ಡೆಯ ಮೇಲಿನ ಚರ್ಮದ ಉಷ್ಣತೆ ಅಳೆದು ಇದನ್ನು ದಾಖಲಿಸಿದ್ದರು. ಲಂಗುಲಗಾಮಿಲ್ಲದೆ ಬೆಳೆಯುವ ಜೀವಕೋಶಗಳು ರಕ್ತವನ್ನೂ ಹೆಚ್ಚು ಎಳೆದುಕೊಳ್ಳುತ್ತವೆ, ಶಾಖವನ್ನೂ ಹೆಚ್ಚು ಹೊಮ್ಮಿಸುತ್ತವೆ. ಹಾಗಿದ್ದ ಮೇಲೆ ಶಾಖ ಕಾಣುವ ಕ್ಯಾಮೆರಾ ಹಿಡಿದರೆ ರೋಗ ಸಿಕ್ಕಿಬೀಳಬೇಕಲ್ಲ? ಅಷ್ಟು ಸುಲಭವಾಗಿ ಬೀಳಲಿಲ್ಲ.

ಕ್ಯಾಮೆರಾಕ್ಕೇನೂ ಬರವಿರಲಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ವಿಲಿಯಂ ಹರ್ಷೆಲ್ 1800ರಲ್ಲೇ ಗುರುತಿಸಿದ್ದ. ಆತ ಸಂಗೀತ ಬಿಟ್ಟು ಆಕಾಶ ನೋಡಲು ಹೊರಟವನು. ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಕೆಂಪಿನ ಆಚೆಗೆ ಥರ್ಮಾಮೀಟರ್ ಇಟ್ಟಾಗ ಪಾದರಸ ಇನ್ನೂ ಮೇಲೇರಿತ್ತು. ಮುಂದೆ ಕತ್ತಲಲ್ಲಿ ಶತ್ರುವನ್ನು ಹುಡುಕಲು ಸೇನೆಗಳು ಬೆಳೆಸಿದ ತಂತ್ರಜ್ಞಾನ ಆಸ್ಪತ್ರೆಗೂ ಬಂತು. ಅಮೆರಿಕದಲ್ಲಿ 1973ರಲ್ಲಿ ಶುರುವಾದ ಸ್ತನ ಕ್ಯಾನ್ಸರ್ ತಪಾಸಣೆಯ ಬೃಹತ್ ಯೋಜನೆ ಶಾಖಚಿತ್ರವನ್ನೂ ಸೇರಿಸಿಕೊಂಡಿತು. ಶಾಖಚಿತ್ರ ಪತ್ತೆಹಚ್ಚದೆ ತಪ್ಪಿಸಿಬಿಡುತ್ತಿದ್ದ ರೋಗಿಗಳೇ ಹೆಚ್ಚೆಂದು ಗೊತ್ತಾಗಿ, ಯೋಜನೆ ಅದನ್ನು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಆ ಕೆಟ್ಟ ಹೆಸರು ಇಂದಿಗೂ ಪೂರ್ತಿ ಅಳಿಸಿಲ್ಲ.

ಸೋತಿದ್ದೇಕೆ? ಚರ್ಮದ ಉಷ್ಣತೆ ಗಳಿಗೆಗೊಂದು ಬಗೆ. ಫ್ಯಾನ್ ಗಾಳಿ, ಬೆವರು, ಮೆಟ್ಟಿಲು ಹತ್ತಿ ಬಂದ ದಣಿವು, ಈಗಷ್ಟೇ ಕುಡಿದ ಕಾಫಿ, ಎಲ್ಲವೂ ಅದನ್ನು ಅಲುಗಾಡಿಸುತ್ತವೆ. ಸ್ತನದ ಗೆಡ್ಡೆಯ ಮಾತು ಬಿಡಿ, ಚರ್ಮದ ಕ್ಯಾನ್ಸರಿನ ಅಕ್ಕಿಕಾಳಿನಷ್ಟು ಮಚ್ಚೆಯೊಂದು ಹೊಮ್ಮಿಸುವ ಹೆಚ್ಚುವರಿ ಶಾಖ ಈ ಗದ್ದಲದಲ್ಲಿ ಮುಳುಗಿಹೋಗುತ್ತದೆ. ನನ್ನ ಮಟ್ಟಿಗೆ ದೋಷ ಕ್ಯಾಮೆರಾದ್ದಲ್ಲ, ಸುಮ್ಮನೆ ಒಂದು ಚಿತ್ರ ತೆಗೆದು ಉತ್ತರ ಬಯಸಿದವರದ್ದು.

ದಾರಿ ತೋರಿದ್ದು ವೈದ್ಯಕೀಯವಲ್ಲ, ಮೆಕ್ಯಾನಿಕಲ್ ಎಂಜಿನಿಯರಿಂಗ್. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸೀಲಾ ಹರ್ಮನ್ ಶಾಖ ಹರಿಯುವ ಬಗೆಯನ್ನೇ ಓದಿಕೊಂಡವರು. ಅಂಗಾಂಶದಲ್ಲಿ ರಕ್ತ ಶಾಖವನ್ನು ಹೇಗೆ ಹೊತ್ತೊಯ್ಯುತ್ತದೆ ಎಂಬುದಕ್ಕೆ ಹ್ಯಾರಿ ಪೆನ್ಸ್ 1948ರಲ್ಲೇ ಒಂದು ಸಮೀಕರಣ ಕೊಟ್ಟಿದ್ದ, ಮುಂಗೈಯ ಉಷ್ಣತೆ ಅಳೆದು. ಈ ಬಗೆಯ ಲೆಕ್ಕವನ್ನು ಹಿಡಿದು ಹರ್ಮನ್, ಚರ್ಮವೈದ್ಯೆ ರೋಡಾ ಅಲಾನಿ ಜೊತೆಗೂಡಿ ಬೇರೆಯೇ ಪ್ರಯೋಗಕ್ಕಿಳಿದರು. ಎರಡು ಒಲೆಗಳ ಉರಿ ಒಂದೇ ಎಂಬಂತೆ ಕಂಡರೆ, ಎರಡರ ಮೇಲೂ ತಣ್ಣೀರಿನ ಪಾತ್ರೆ ಇಟ್ಟು ಯಾವುದು ಬೇಗ ಕಾಯುತ್ತದೆಂದು ನೋಡುತ್ತೇವಲ್ಲ, ಇದೂ ಹಾಗೆಯೇ. ಮಚ್ಚೆ ಇರುವ ಚರ್ಮಕ್ಕೆ ಸುಮಾರು ಒಂದು ನಿಮಿಷ ತಣ್ಣನೆ ಗಾಳಿ ಊದಬೇಕು. ಆಮೇಲೆ ಎರಡು ಮೂರು ನಿಮಿಷ, ಅದು ಮತ್ತೆ ಬೆಚ್ಚಗಾಗುವುದನ್ನು ಅವಕೆಂಪು ಕ್ಯಾಮೆರಾದಲ್ಲಿ ಸೆರೆಹಿಡಿಯಬೇಕು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದ್ದ ಜಾಗ ಸುತ್ತಲಿನ ಆರೋಗ್ಯವಂತ ಚರ್ಮಕ್ಕಿಂತ ಬೇಗ ಬೆಚ್ಚಗಾಗುತ್ತಿತ್ತು.

ಒಂದು ರಗಳೆ ಉಳಿಯಿತು. ಮನುಷ್ಯ ಉಸಿರಾಡುತ್ತಾನೆ, ಕೈಕಾಲು ಮಿಸುಕುತ್ತವೆ. ನಿಮಿಷಗಳ ಚಿತ್ರೀಕರಣದಲ್ಲಿ ಪುಟ್ಟ ಮಚ್ಚೆ ಜಾಗ ಬದಲಿಸುತ್ತದೆ. ಒಂದೊಂದು ಚೌಕಟ್ಟನ್ನೂ ಹಿಂದಿನದರ ಮೇಲೆ ಕರಾರುವಾಕ್ಕಾಗಿ ಕೂರಿಸುವ ಸಾಫ್ಟ್‌ವೇರ್ ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ.

ಇನ್ನೊಂದು ತೊಡಕು ದುಡ್ಡಿನದು. ಉತ್ತಮ ಥರ್ಮಲ್ ಕ್ಯಾಮೆರಾ ಸಣ್ಣ ಕ್ಲಿನಿಕ್ಕಿಗೆ ದುಬಾರಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಕ್ಯಾಮೆರಾವನ್ನೇ ಕಿತ್ತುಹಾಕಿದರು. ಉಷ್ಣತೆ ಗ್ರಹಿಸುವ ಅಗ್ಗದ ಥರ್ಮಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ, ಐಸ್ ಪ್ಯಾಕ್‌ನಿಂದ ತಣಿಸಿದ ಚರ್ಮದ ಮೇಲಿಟ್ಟು, ಎಲ್ಲಿ ಬೇಗ ಬಿಸಿಯೇರುತ್ತದೆಂದು ಅಳೆಯುವ ಸಾಧನ ಅವರದು, ಹೆಸರು ‘ಸ್ಕ್ಯಾನ್’. ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆ ಅವರ ಗುರಿಯಾಗಿತ್ತು. 2017ರ ಜೇಮ್ಸ್ ಡೈಸನ್ ಪ್ರಶಸ್ತಿಯೂ 30 ಸಾವಿರ ಪೌಂಡೂ ಅವರಿಗೆ ಬಂತು. ನಮ್ಮ ಬೆಂಗಳೂರಿನಲ್ಲೂ ಗೀತಾ ಮಂಜುನಾಥ್ ಸಹಸ್ಥಾಪಿಸಿದ ‘ನಿರಾಮಯ್’ ಶಾಖಚಿತ್ರಕ್ಕೆ ಕೃತಕ ಬುದ್ಧಿಮತ್ತೆ ಜೋಡಿಸಿದೆ, ಆದರೆ ಅದರ ಹುಡುಕಾಟ ಸ್ತನ ಕ್ಯಾನ್ಸರಿಗೆ.

ಪ್ರಶಸ್ತಿ ಬೇರೆ, ಪರವಾನಗಿ ಬೇರೆ. 2024ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಚರ್ಮದ ಕ್ಯಾನ್ಸರ್ ಗುರುತಿಸಲು ಸಾಮಾನ್ಯ ವೈದ್ಯರಿಗೆ ನೆರವಾಗುವ ‘ಡರ್ಮಾಸೆನ್ಸರ್’ ಎಂಬ ಕೈಯುಪಕರಣಕ್ಕೆ ಒಪ್ಪಿಗೆ ಕೊಟ್ಟಿತು. ಅದು ನೋಡುವುದು ಶಾಖವನ್ನಲ್ಲ, ಚದುರಿ ಮರಳುವ ಬೆಳಕನ್ನು. ಇಂದಿಗೂ ಕೊನೆಯ ತೀರ್ಪು ಚರ್ಮದ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯದೇ.

ಅಲ್ಲಿಯ ತನಕ ನಮ್ಮ ಕಣ್ಣೇ ಮೊದಲ ಕಾವಲು. ಕಪ್ಪು ಮೈಬಣ್ಣದವರಲ್ಲಿ ಮೆಲನೋಮಾ ಅಪರೂಪ. ಬಂದರೆ ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಹೆಚ್ಚು. ಗಾಯಕ ಬಾಬ್ ಮಾರ್ಲಿಗೆ ಅದು ಶುರುವಾದದ್ದು ಕಾಲ್ಬೆರಳಲ್ಲಿ. ಆಕಾರ, ಬಣ್ಣ ಬದಲಾಗುವ ಮಚ್ಚೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಕಂಡರೆ ಯಂತ್ರಕ್ಕಾಗಿ ಕಾಯಬೇಡಿ, ಚರ್ಮವೈದ್ಯರಿಗೆ ತೋರಿಸಿ.