ಇಣುಕಿದರೆ ಒಡೆಯುವ ಮೊಹರು

ಗುಟ್ಟಿನ ಲಕೋಟೆಗೆ ಅರಗಿನ ಮೊಹರು ಒತ್ತುವುದು ಹಳೆಯ ಪದ್ಧತಿ. ಸೇಡಂನಿಂದ ಚಿಂಚೋಳಿಗೆ ಹೊರಟ ಲಕೋಟೆಯ ಮೊಹರು ಒಡೆದಿದ್ದರೆ ಯಾರೋ ಕೈಹಾಕಿದ್ದಾರೆಂದು ತಿಳಿಯುತ್ತಿತ್ತು. ತಂತಿಯಲ್ಲಿ ಹರಿಯುವ ಸಂದೇಶಕ್ಕೆ ಈ ಅನುಕೂಲವಿಲ್ಲ. ನಡುದಾರಿಯಲ್ಲಿ ಯಾರು ನಕಲು ಮಾಡಿಕೊಂಡರೂ ಮೂಲ ಹಾಗೆಯೇ ತಲುಪುತ್ತದೆ.

ಆದ್ದರಿಂದಲೇ ಶಹಾಬಾದಿನ ಬ್ಯಾಂಕಿನ ಲೆಕ್ಕವಾಗಲಿ, ವಾಡಿಯ ಕಿರಾಣಿ ಅಂಗಡಿಯಲ್ಲಿ ಫೋನಿನಿಂದ ಕೊಡುವ ಹಣವಾಗಲಿ ಗಣಿತದ ಬೀಗದೊಳಗೆ ಸಾಗುತ್ತದೆ. ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮತ್ತೆ ಒಡೆಯುವುದು ಬಹಳ ಕಷ್ಟ. ಬಳಕೆಯಲ್ಲಿರುವ ಒಂದು ಮುಖ್ಯ ಬೀಗದ ಬಲ ಇಷ್ಟೇ. ಕ್ವಾಂಟಂ ಗಣಕ ಈ ಕಷ್ಟವನ್ನು ನಿವಾರಿಸಬಲ್ಲದೆಂದು 1994ರಲ್ಲಿ ಪೀಟರ್ ಶೋರ್ ತೋರಿಸಿದರು. ಅಷ್ಟು ಸಮರ್ಥ ಯಂತ್ರ ಇನ್ನೂ ಸಿದ್ಧವಾಗಿಲ್ಲ, ನಿಜ. ಆದರೆ ಇಂದು ಕದ್ದಿಟ್ಟ ಸಂದೇಶವನ್ನು ಮುಂದೆಂದಾದರೂ ಬಿಚ್ಚಬಹುದು. ಚಿತ್ತಾಪುರದ ರೋಗಿಯೊಬ್ಬರ ಆಸ್ಪತ್ರೆ ದಾಖಲೆ ಮೂವತ್ತು ವರ್ಷದ ನಂತರವೂ ಗುಟ್ಟಾಗಿಯೇ ಇರಬೇಕಲ್ಲವೆ?

ವಿಶೇಷವೆಂದರೆ, ರೋಗಕ್ಕಿಂತ ಹತ್ತು ವರ್ಷ ಮೊದಲೇ ಮದ್ದು ಹುಟ್ಟಿತ್ತು, ಅದೂ ಬೆಂಗಳೂರಿನಲ್ಲಿ ಪ್ರಕಟವಾಗಿತ್ತು. 1984ರ ಡಿಸೆಂಬರಿನಲ್ಲಿ ಅಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಐಬಿಎಂನ ಚಾರ್ಲ್ಸ್ ಬೆನೆಟ್ ಮತ್ತು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಜಿಲ್ ಬ್ರಸಾರ್ ಮಂಡಿಸಿದ ವಿಧಾನ ಇಂದು ‘ಬಿಬಿ84’ ಎಂದೇ ಜಗತ್ಪ್ರಸಿದ್ಧ. ನಮ್ಮವರು ಈ ಸಂಗತಿಯನ್ನು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು.

ಕಳುಹಿಸುವವರು ಬೆಳಕಿನ ಕಣಗಳನ್ನು ಒಂದೊಂದಾಗಿ ಬಿಡುತ್ತಾರೆ. ಪ್ರತಿ ಕಣದ ಕಂಪನ ನೇರವಾಗಿಯೋ ಓರೆಯಾಗಿಯೋ ಇರುತ್ತದೆ. ಪಡೆಯುವವರು ನೇರ ಅಥವಾ ಓರೆ ಜಾಲರಿಯನ್ನು ಮನಬಂದಂತೆ ಹಿಡಿದು ಅಳೆಯುತ್ತಾರೆ. ಬಳಿಕ ಇಬ್ಬರೂ ಯಾವ ಜಾಲರಿ ಬಳಸಿದೆವೆಂದು ಬಹಿರಂಗವಾಗಿಯೇ ಹೇಳಿಕೊಂಡು, ಹೊಂದಿಕೆಯಾದ ಸುಮಾರು ಅರ್ಧವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅದೇ ಬೀಗದ ಕೈ. ನಡುವೆ ಕಳ್ಳನು ಕಣವನ್ನು ಅಳೆದರೆ, ತಪ್ಪು ಜಾಲರಿ ಹಿಡಿದಾಗಲೆಲ್ಲ ಅದರ ಸ್ಥಿತಿ ಕೆಡುತ್ತದೆ. ಎಲ್ಲ ಕಣಗಳನ್ನೂ ಅಳೆದನೆಂದರೆ ಉಳಿದವುಗಳಲ್ಲಿ ಕಾಲು ಭಾಗ ತಪ್ಪಾಗಿರುತ್ತದೆ. ಕೆಲವನ್ನು ಹೋಲಿಸಿ ನೋಡಿದರೆ ಸಾಕು, ಗುಟ್ಟು ರಟ್ಟಾಗುವ ಮೊದಲೇ ಆ ಕೈಯನ್ನು ಎಸೆಯಬಹುದು. ಆಚೆ ತುದಿಯಲ್ಲಿರುವವರು ನಮ್ಮವರೇ ಎಂಬ ಖಾತರಿಯನ್ನು ಮಾತ್ರ ಬೇರೆ ರೀತಿಯಲ್ಲಿ ಮಾಡಿಕೊಳ್ಳಬೇಕು.

2021ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ತನ್ನ ಎರಡು ಕಟ್ಟಡಗಳ ನಡುವೆ ಇಂಥ ಕೀಲಿ ವಿನಿಮಯವನ್ನು ಮಾಡಿ ತೋರಿಸಿತು. ದೂರವೇ ದೊಡ್ಡ ತೊಡಕು. ಗಾಜಿನ ಎಳೆಯಲ್ಲಿ ಸುಮಾರು 15 ಕಿ.ಮೀ.ಗೊಮ್ಮೆ ಕಣಗಳು ಅರ್ಧಕ್ಕಿಳಿಯುತ್ತವೆ. 500 ಕಿ.ಮೀ. ಮೀರಿದ ಬೆಂಗಳೂರು–ವಾಡಿ ದಾರಿಯಲ್ಲಿ ನೂರಾರು ಕೋಟಿಯಲ್ಲಿ ಒಂದು ಉಳಿದರೆ ಹೆಚ್ಚು. ನಡುವೆ ಬಲಪಡಿಸೋಣವೆಂದರೆ ಅದಕ್ಕೆ ನಕಲು ಬೇಕು, ಅಪರಿಚಿತ ಕಣದ ನಕಲನ್ನು ಪ್ರಕೃತಿಯೇ ಒಪ್ಪುವುದಿಲ್ಲ. ಅದಕ್ಕೇ ಚೀನಾ 2016ರಲ್ಲಿ ಉಪಗ್ರಹವನ್ನು ಹಾರಿಸಿತು. ಭಾರತವೂ 2023ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಂ ಅಭಿಯಾನದಲ್ಲಿ ಉಪಗ್ರಹದ ಮೂಲಕ 2,000 ಕಿ.ಮೀ. ಅಂತರದ ಸಂಪರ್ಕದ ಗುರಿಯಿಟ್ಟಿದೆ.