ಬಡ್ಡಿಯ ನ್ಯಾಯ, ಬಡ್ಡಿಯ ಪಾಪ

ವ್ಯಾಪಾರದ ನೀತಿಯಲ್ಲಿ ಬಡ್ಡಿಯಷ್ಟು ಹಳೆಯ ತಕರಾರು ಬಹುಶಃ ಇನ್ನೊಂದಿಲ್ಲ. ಕೊಟ್ಟ ಅಸಲಿಗಿಂತ ಹೆಚ್ಚು ಪಡೆಯುವುದು ಒಂದು ಸಮಾಜಕ್ಕೆ ಸಹಜ ವ್ಯವಹಾರ, ಇನ್ನೊಂದಕ್ಕೆ ಮಹಾಪಾಪ. ಕ್ರಿಸ್ತಪೂರ್ವ 18ನೇ ಶತಮಾನದ ಬ್ಯಾಬಿಲೋನಿನಲ್ಲಿ ಹಮ್ಮುರಾಬಿಯ ಕಟ್ಟಳೆಗಳು ಬಡ್ಡಿಯನ್ನು ಒಪ್ಪಿದ್ದವು. ಆದರೆ ಬಿರುಗಾಳಿಗೋ ಬರಕ್ಕೋ ಸಿಕ್ಕಿ ಬೆಳೆ ಹಾಳಾದ ವರ್ಷ ರೈತ ಬಡ್ಡಿ ಕೊಡಬೇಕಿಲ್ಲ ಎಂಬ ವಿನಾಯಿತಿಯೂ ಅವುಗಳಲ್ಲೇ ಇತ್ತು. ಗ್ರೀಸಿನ ಅರಿಸ್ಟಾಟಲ್‌ನಿಗೆ ಹಣವಿರುವುದು ವಿನಿಮಯಕ್ಕೆ ಮಾತ್ರ. ಹಣದಿಂದಲೇ ಹಣ ಹುಟ್ಟಿಸುವುದು ಸಂಪಾದನೆಯ ದಾರಿಗಳಲ್ಲೆಲ್ಲ ಪ್ರಕೃತಿಗೆ ತೀರ ವಿರುದ್ಧವಾದದ್ದು. ಯೆಹೂದಿ ಧರ್ಮಗ್ರಂಥ ಮಧ್ಯದ ದಾರಿ ಹಿಡಿಯಿತು: ಸ್ವಜನರಿಂದ ಬಡ್ಡಿ ಪಡೆಯಬಾರದು, ಪರಕೀಯರಿಂದ ಪಡೆಯಬಹುದು.

ಭಾರತದ ಪ್ರಾಚೀನ ಗ್ರಂಥಗಳು ಬಡ್ಡಿಯನ್ನು ಒಪ್ಪಿಕೊಂಡು, ಎಷ್ಟು ಎಂಬ ಲೆಕ್ಕಕ್ಕೆ ಇಳಿದವು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮಸಮ್ಮತ ಬಡ್ಡಿ. ವ್ಯಾಪಾರಿಗಳ ನಡುವೆ ಅದು 5, ಕಾಡುದಾರಿಯಲ್ಲಿ ಸರಕು ಸಾಗಿಸುವವರಿಗೆ 10, ಸಮುದ್ರ ವ್ಯಾಪಾರಿಗಳಿಗೆ 20. ದಾರಿಯ ಅಪಾಯ ಹೆಚ್ಚಿದಷ್ಟೂ ದರವೂ ಹೆಚ್ಚು. ಇಂದಿನ ಬ್ಯಾಂಕುಗಳ ಲೆಕ್ಕವೂ ಇದೇ ಜಾಡಿನದು. ರೋಗಿಗಳ, ಗುರುಕುಲದಲ್ಲಿ ಓದುವವರ, ಬಾಲಕರ ಮತ್ತು ನಿರ್ಗತಿಕರ ಸಾಲಕ್ಕೆ ಬಡ್ಡಿ ಬೆಳೆಯಬಾರದು ಎಂದೂ ಕೌಟಿಲ್ಯ ಹೇಳುತ್ತಾನೆ. ಮನುಸ್ಮೃತಿಯ ಅಳತೆಗೋಲೇ ಬೇರೆ. ಅಲ್ಲಿ ದರವನ್ನು ಸಾಲಗಾರನ ವರ್ಣ ನೋಡಿ ನಿಗದಿಮಾಡಲಾಗಿದೆ: ಬ್ರಾಹ್ಮಣನಿಗೆ ತಿಂಗಳಿಗೆ ನೂರಕ್ಕೆ 2, ಕ್ಷತ್ರಿಯನಿಗೆ 3, ವೈಶ್ಯನಿಗೆ 4, ಶೂದ್ರನಿಗೆ 5. ಸಮಾಜದ ಕೆಳಗಿನ ಮೆಟ್ಟಿಲಲ್ಲಿ ನಿಂತವನೇ ಹೆಚ್ಚು ತೆರಬೇಕೆಂಬ ಈ ನಿಯಮವನ್ನು ಅಪಾಯದ ಲೆಕ್ಕದಿಂದ ಸಮರ್ಥಿಸುವುದು ಕಷ್ಟ. ಅದೇ ಗ್ರಂಥ ಒಟ್ಟಿಗೆ ವಸೂಲು ಮಾಡುವ ಮೊತ್ತ ಅಸಲಿನ ಎರಡು ಪಟ್ಟನ್ನು ದಾಟಬಾರದೆಂಬ ಮಿತಿಯನ್ನೂ ಹಾಕಿದೆ. ದಾಮ್‌ದುಪಟ್ ಎಂದು ಹೆಸರಾದ ಈ ನಿಯಮವನ್ನು ಬ್ರಿಟಿಷರ ಕಾಲದ ಮುಂಬಯಿ ನ್ಯಾಯಾಲಯಗಳೂ ಹಿಂದೂ ಸಾಲಗಾರರ ಪರವಾಗಿ ಪಾಲಿಸಿದವು.

ನಂಬಿಕೆಗೂ ಮಾರುಕಟ್ಟೆಗೂ ದೀರ್ಘ ಜಗ್ಗಾಟ ನಡೆದದ್ದು ಯುರೋಪಿನಲ್ಲಿ. 1179ರ ಮೂರನೆಯ ಲ್ಯಾಟರನ್ ಧರ್ಮಸಭೆ ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವವರಿಗೆ ಕ್ರೈಸ್ತ ಶವಸಂಸ್ಕಾರವನ್ನೇ ನಿರಾಕರಿಸಿತು. ಇಟಲಿಯ ಪಾದುವಾ ನಗರದ ರೆಜಿನಾಲ್ಡೊ ಸ್ಕ್ರೊವೆನ್ಯಿ ಎಂಬ ಧನಿಕನನ್ನು ಕವಿ ದಾಂತೆ ನರಕದಲ್ಲಿ ಬಡ್ಡಿಕೋರರ ಸಾಲಿನಲ್ಲಿ ಕೂರಿಸಿದ್ದಾನೆ. ಅವನ ಮಗ ಎನ್ರಿಕೊ ಕಟ್ಟಿಸಿ, ಜೊತ್ತೊನಿಂದ ಚಿತ್ರ ಬರೆಸಿದ ಪ್ರಾರ್ಥನಾ ಮಂದಿರ ಇಂದಿಗೂ ಅಲ್ಲಿದೆ. ತಂದೆಯ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಕಟ್ಟಿಸಿದ್ದೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಪಾಪದ ಭಯ ವ್ಯವಹಾರವನ್ನೇನೂ ನಿಲ್ಲಿಸಲಿಲ್ಲ. 1397ರಲ್ಲಿ ಫ್ಲಾರೆನ್ಸ್‌ನಲ್ಲಿ ಆರಂಭವಾದ ಮೆದಿಚಿ ಬ್ಯಾಂಕ್ ಒಂದು ಊರಿನಲ್ಲಿ ಒಂದು ನಾಣ್ಯದಲ್ಲಿ ಹಣ ಕೊಟ್ಟು, ತಿಂಗಳುಗಳ ನಂತರ ಇನ್ನೊಂದು ಊರಿನಲ್ಲಿ ಬೇರೆ ನಾಣ್ಯದಲ್ಲಿ ಹಿಂಪಡೆಯುವ ಹುಂಡಿಗಳಿಂದ ಲಾಭ ಮಾಡಿತು. ಕಾಗದದ ಮೇಲೆ ಅದು ನಾಣ್ಯ ವಿನಿಮಯ. ಬಡ್ಡಿ ಆ ವಿನಿಮಯ ದರದೊಳಗೆ ಸೇರಿಕೊಂಡಿರುತ್ತಿತ್ತು.

ಚರ್ಚ್ ಕೂಡ ಕ್ರಮೇಣ ಸಡಿಲವಾಯಿತು. ಬಡವರು ಸಾಹುಕಾರರ ಕೈಗೆ ಸಿಗದಿರಲೆಂದು ಫ್ರಾನ್ಸಿಸ್ಕನ್ ಸನ್ಯಾಸಿಗಳು 1462ರಲ್ಲಿ ಪೆರುಜಿಯಾ ನಗರದಲ್ಲಿ ಗಿರವಿ ಸಾಲದ ಧರ್ಮಸಂಸ್ಥೆ ತೆರೆದರು. ಅಂಥ ಸಂಸ್ಥೆಗಳು ನಿರ್ವಹಣೆಯ ಖರ್ಚಿಗೆ ಅಲ್ಪ ಶುಲ್ಕ ಪಡೆಯಬಹುದೆಂದು 1515ರಲ್ಲಿ ಧರ್ಮಸಭೆಯೇ ಒಪ್ಪಿತು. ಮುಂದೆ ಸುಧಾರಕ ಜಾನ್ ಕ್ಯಾಲ್ವಿನ್ ವ್ಯಾಪಾರದ ಸಾಲಕ್ಕೆ ಬಡ್ಡಿ ತಪ್ಪಲ್ಲ, ಕಷ್ಟದಲ್ಲಿರುವವನಿಂದ ಅದನ್ನು ಪಡೆಯುವುದು ತಪ್ಪು ಎಂದು ವಾದಿಸಿದ. ಇಂಗ್ಲೆಂಡ್ 1545ರಲ್ಲಿ ಶೇ. 10ರ ಮಿತಿಯೊಡನೆ ಬಡ್ಡಿಗೆ ಅನುಮತಿ ಕೊಟ್ಟಿತು, 1552ರಲ್ಲಿ ಹಿಂತೆಗೆದುಕೊಂಡಿತು, 1571ರಲ್ಲಿ ಮತ್ತೆ ಕೊಟ್ಟಿತು. ದರದ ಮಿತಿಯನ್ನು ಪೂರ್ತಿ ತೆಗೆದದ್ದು 1854ರಲ್ಲಿ.

ಧರ್ಮ, ದೇಶ ಬೇರೆಯಾದರೂ ಈ ಕಟ್ಟಳೆಗಳಲ್ಲಿ ಒಂದು ಗೆರೆ ಮತ್ತೆ ಮತ್ತೆ ಕಾಣುತ್ತದೆ. ಲಾಭಕ್ಕಾಗಿ ಮಾಡಿದ ಸಾಲದಲ್ಲಿ ಪಾಲು ಕೇಳುವುದು ನ್ಯಾಯ. ಹಸಿವಿಗೋ ಕಾಯಿಲೆಗೋ ಮಾಡಿದ ಸಾಲದಲ್ಲಿ ಲಾಭ ಹುಡುಕುವುದು ಅನ್ಯಾಯ. ಮನುಸ್ಮೃತಿಯ ವರ್ಣದರ ಮಾತ್ರ ಈ ಗೆರೆಯನ್ನು ಲೆಕ್ಕಿಸುವುದಿಲ್ಲ.

ಇಸ್ಲಾಂ ಬಡ್ಡಿಯನ್ನು ಖಂಡಿತವಾಗಿ ನಿಷೇಧಿಸಿ, ವ್ಯಾಪಾರವನ್ನು ಮಾನ್ಯಮಾಡುತ್ತದೆ. ಹಾಗಾಗಿ ಅಲ್ಲಿ ಬೆಳೆದದ್ದು ಪಾಲುಗಾರಿಕೆ. ಮುದಾರಬಾ ಒಪ್ಪಂದದಲ್ಲಿ ಒಬ್ಬನ ಹಣ, ಇನ್ನೊಬ್ಬನ ದುಡಿಮೆ; ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ, ಹಣದ ನಷ್ಟ ಹಣ ಹಾಕಿದವನದು. 1963ರಲ್ಲಿ ಈಜಿಪ್ಟಿನ ಮಿತ್ ಗಮ್ರ್ ಪಟ್ಟಣದಲ್ಲಿ ಬಡ್ಡಿರಹಿತ ಉಳಿತಾಯ ಬ್ಯಾಂಕ್ ಆರಂಭವಾಯಿತು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಬಂತು. ಈಗ ಇಂಥ ಬ್ಯಾಂಕುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮುರಾಬಹಾ. ಗ್ರಾಹಕನಿಗೆ ಬೇಕಾದ ಕಾರನ್ನು ಬ್ಯಾಂಕ್ ತಾನೇ ಕೊಂಡು, ತನ್ನ ಲಾಭ ಸೇರಿಸಿ, ಕಂತಿನ ಮೇಲೆ ಅವನಿಗೆ ಮಾರುತ್ತದೆ. ಇದು ಬಡ್ಡಿಯ ವೇಷಾಂತರವಲ್ಲವೇ ಎಂದು ಮುಸ್ಲಿಂ ಅರ್ಥಶಾಸ್ತ್ರಜ್ಞರೇ ಕೇಳಿದ್ದಾರೆ, ಆ ಪ್ರಶ್ನೆಯಲ್ಲಿ ಹುರುಳಿದೆ. ಭಾರತದಲ್ಲಿ ಇಂಥ ಬ್ಯಾಂಕಿಂಗ್‌ ಪ್ರಸ್ತಾವವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ಕೈಬಿಟ್ಟಿತು. ಬಡ್ಡಿಯಿಲ್ಲದ ಹೂಡಿಕೆ ಎಂದು ನಂಬಿಸಿದ ಬೆಂಗಳೂರಿನ ಸಂಸ್ಥೆಯೊಂದು 2019ರಲ್ಲಿ ಮುಳುಗಿ, ಸಾವಿರಾರು ಕುಟುಂಬಗಳ ಉಳಿತಾಯ ಸಿಕ್ಕಿಹಾಕಿಕೊಂಡಿತು.

ಸಾಹುಕಾರನ ಬಡ್ಡಿಗೆ ನಿಷೇಧವಲ್ಲದ ಮತ್ತೊಂದು ಉತ್ತರ ಜರ್ಮನಿಯಿಂದ ಬಂತು. ಫ್ರೀಡ್ರಿಶ್ ರೈಫೈಸನ್ 19ನೇ ಶತಮಾನದಲ್ಲಿ ಹಳ್ಳಿಗಳಲ್ಲಿ ಕಟ್ಟಿದ ಸಹಕಾರ ಸಂಘಗಳಲ್ಲಿ ಸಾಲ ಕೊಡುವವರೂ ಪಡೆಯುವವರೂ ಒಂದೇ ಊರಿನ ಸದಸ್ಯರು. 1904ರ ಭಾರತದ ಸಹಕಾರ ಕಾಯ್ದೆ ಈ ಮಾದರಿಯನ್ನು ಅನುಸರಿಸಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಮೊದಲ ಇಂಥ ಸಂಘವೆಂದು ಅದನ್ನು ಗುರುತಿಸಲಾಗಿದೆ.

ಆದರೂ ಕೈಸಾಲ, ಮೀಟರ್ ಬಡ್ಡಿ ಹೋಗಲಿಲ್ಲ. ಮಿತಿಮೀರಿದ ಬಡ್ಡಿಯನ್ನು ಕರ್ನಾಟಕ 2004ರ ಕಾಯ್ದೆಯಲ್ಲಿ ನಿಷೇಧಿಸಿತು. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ಸುದ್ದಿಗಳ ನಡುವೆ 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಅನಂತರ ಕಾನೂನು ಬಂತು. ಅದರ ಹೆಸರಿನಲ್ಲೇ ಇರುವುದು ಬಡ್ಡಿಯ ದರವಲ್ಲ, ಬಲವಂತದ ವಸೂಲಿಯ ತಡೆ. ಅದನ್ನು ಉಲ್ಲಂಘಿಸಿದವರಿಗೆ 10 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.