ಭುಜದ ಶಸ್ತ್ರಚಿಕಿತ್ಸೆ: ವೈದ್ಯರ ಆಯ್ಕೆಯಲ್ಲಿ ವಿವೇಕ

ಕಾಯಕಕ್ಕೂ ಪೂಜೆಗೂ ಕೈ ಬೇಕು. ಆ ಕೈಗೆ ಬಲ ಬರುವುದು ಭುಜದಿಂದ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನಿಲ್ಲಿಸುವ ಸದ್ಭಕ್ತರಿಗೆ, ಹೊಲದಲ್ಲಿ ದುಡಿಯುವ ರೈತರಿಗೆ, ರೊಟ್ಟಿ ತಟ್ಟುವ ತಾಯಂದಿರಿಗೆ ಭುಜದ ನೋವು ಬಂದರೆ ದಿನಚರಿಯೇ ಕದಡುತ್ತದೆ. ನೋವು ತಿಂಗಳುಗಟ್ಟಲೆ ಉಳಿದು, ಆಪರೇಷನ್ ಆಗಬೇಕೆಂಬ ಮಾತು ಬಂದೊಡನೆ ಮನೆಯವರು ಖರ್ಚಿನ ಲೆಕ್ಕಕ್ಕೆ ತೊಡಗುತ್ತಾರೆ. ಅದಕ್ಕೂ ಮೊದಲು ಎರಡು ಪ್ರಶ್ನೆಗಳಿವೆ. ಶಸ್ತ್ರಚಿಕಿತ್ಸೆ ನಿಜವಾಗಿಯೂ ಅಗತ್ಯವೇ? ಅಗತ್ಯವಾದರೆ ಯಾರಿಂದ ಮಾಡಿಸಿಕೊಳ್ಳಬೇಕು?

ಮೊದಲು ರೋಗನಿರ್ಣಯ

ದೇಹದ ಕೀಲುಗಳಲ್ಲಿ ಅತಿ ಹೆಚ್ಚು ಚಲನೆಯುಳ್ಳದ್ದು ಭುಜ. ತೋಳೆಲುಬಿನ ದುಂಡನೆಯ ತಲೆಯು ಹೆಗಲೆಲುಬಿನ ಆಳವಿಲ್ಲದ ಬಟ್ಟಲಿನ ಮೇಲೆ ಕುಳಿತಿರುತ್ತದೆ. ಅದನ್ನು ಸ್ಥಾನದಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳ ಸಮೂಹಕ್ಕೆ ರೊಟೇಟರ್ ಕಫ್ ಎಂದು ಹೆಸರು. ವಯಸ್ಸಾದಂತೆ ಇದರ ಸ್ನಾಯುರಜ್ಜುಗಳು ಸವೆದು ಹರಿಯುವುದುಂಟು. 60 ವರ್ಷ ದಾಟಿದ ಅನೇಕರಲ್ಲಿ ನೋವಿನ ಸುಳಿವೇ ಇಲ್ಲದೆ ಇಂತಹ ಹರಿತ ಇರುತ್ತದೆ. ಆದ್ದರಿಂದ ಎಂಆರ್‌ಐ ವರದಿಯೊಂದನ್ನೇ ನೋಡಿ ಶಸ್ತ್ರಚಿಕಿತ್ಸೆಗೆ ಒಪ್ಪುವುದು ಸರಿಯಲ್ಲ. ಸವೆತದಿಂದಾದ ಹರಿತಕ್ಕೆ ಸಾಮಾನ್ಯವಾಗಿ 6ರಿಂದ 12 ವಾರಗಳ ಕ್ರಮಬದ್ಧ ಫಿಸಿಯೋಥೆರಪಿಯೇ ಮೊದಲ ಮದ್ದು. ಮಧುಮೇಹಿಗಳನ್ನು ಹೆಚ್ಚಾಗಿ ಕಾಡುವ ಭುಜ ಬಿಗಿತವು, ಅಂದರೆ ಫ್ರೋಜನ್ ಶೋಲ್ಡರ್, ಬಹುಪಾಲು ಜನರಲ್ಲಿ 1ರಿಂದ 3 ವರ್ಷಗಳಲ್ಲಿ ತಾನಾಗಿ ಇಳಿಯುತ್ತದೆ.

ಆದರೆ ಬಿದ್ದು ಪೆಟ್ಟಾದ ಮೇಲೆ ಕೈ ಮೇಲೆತ್ತಲಾಗದಿದ್ದರೆ ಎಣ್ಣೆ ತಿಕ್ಕಿಸುತ್ತ, ಪಟ್ಟು ಕಟ್ಟಿಸುತ್ತ ಕಾಲ ಕಳೆಯಬಾರದು. ಹರಿದ ಸ್ನಾಯುವು ಕ್ರಮೇಣ ಕುಗ್ಗಿ ಕೊಬ್ಬಾಗಿ ಮಾರ್ಪಟ್ಟರೆ ಹೊಲಿಯುವುದೇ ಕಷ್ಟವಾಗುತ್ತದೆ.

ವೈದ್ಯರನ್ನು ಅರಿಯುವ ಬಗೆ

ಎಂಬಿಬಿಎಸ್ ನಂತರ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಎಂಎಸ್ ಅಥವಾ ಡಿಎನ್‌ಬಿ ಪದವಿ ಪಡೆದಿರುವರೇ, ಭುಜ ಹಾಗೂ ಆರ್ತ್ರೋಸ್ಕೋಪಿಯಲ್ಲಿ ವಿಶೇಷ ತರಬೇತಿ ಆಗಿದೆಯೇ ಎಂದು ವಿಚಾರಿಸಿರಿ. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಔಷಧ ಚೀಟಿಯ ಮೇಲೆ ಇರಬೇಕು. ಮೊಣಕಾಲು ಕೀಲು ಬದಲಾವಣೆಯಲ್ಲಿ ಹೆಸರು ಮಾಡಿದವರೆಲ್ಲರೂ ಭುಜದಲ್ಲಿಯೂ ಪಳಗಿದವರೆಂದು ಭಾವಿಸಲಾಗದು. ಭುಜದ ಕೀಲು ಬದಲಾವಣೆಯನ್ನು ಮೇಲಿಂದ ಮೇಲೆ ಮಾಡುವ ವೈದ್ಯರ ರೋಗಿಗಳಲ್ಲಿ ತೊಡಕುಗಳು ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ.

ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳಿತು. ಇದೇ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಜನರಿಗೆ ಮಾಡುತ್ತೀರಿ? ನೀವೇ ಮಾಡುವಿರೋ, ಸಹಾಯಕರೋ? ಮಾಡಿಸದಿದ್ದರೆ ಏನಾಗುತ್ತದೆ? ಸೋಂಕು, ಬಿಗಿತ, ಮರುಹರಿತದ ಸಂಭವ ನನ್ನ ವಯಸ್ಸಿಗೆ ಎಷ್ಟು? ನನ್ನ ಕೆಲಸಕ್ಕೆ ಕೈ ಎಂದು ಮರಳುತ್ತದೆ? ಅನುಭವಿ ವೈದ್ಯರು ಈ ಪ್ರಶ್ನೆಗಳಿಗೆ ಮುನಿಯುವುದಿಲ್ಲ. ತಿಳಿಯುವ ಮಾತಿನಲ್ಲಿ ಉತ್ತರಿಸುತ್ತಾರೆ. ಅವಸರಪಡಿಸುವವರಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ರೋಗಿಯು ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಾವಳಿ ಹೇಳುತ್ತದೆ.

ಲಿಂಗಧಾರಿಗಳು ಮೊದಲೇ ಮಾತನಾಡಲಿ

ಭುಜದ ಶಸ್ತ್ರಚಿಕಿತ್ಸೆಯಲ್ಲಿ ಕುತ್ತಿಗೆ, ಎದೆ, ತೋಳುಗಳನ್ನು ಕ್ರಿಮಿರಹಿತಗೊಳಿಸುತ್ತಾರೆ. ನೋವು ಅರಿವಾಗದಂತೆ ಕುತ್ತಿಗೆಯ ಬುಡದಲ್ಲಿ ಚುಚ್ಚುಮದ್ದು ಕೊಡುವುದೂ ವಾಡಿಕೆ. ಹೀಗಾಗಿ ಕೊರಳಿನ ಶಿವದಾರವನ್ನೂ ಕರಡಿಗೆಯನ್ನೂ ಹಾಗೆಯೇ ಇರಿಸಿಕೊಳ್ಳಲು ಆಗದು. ಎಂಆರ್‌ಐ ಕೊಠಡಿಯೊಳಗೂ ಲೋಹದ ವಸ್ತುವಿಗೆ ಅವಕಾಶವಿಲ್ಲ. ಇದು ಕೊನೆಯ ಗಳಿಗೆಯಲ್ಲಿ ತಿಳಿದರೆ ಮನಸ್ಸು ಕಲಕುತ್ತದೆ. ಆದ್ದರಿಂದ ಆ ಹೊತ್ತಿನ ಆಚರಣೆಯ ಬಗೆಗೆ ಗುರುಗಳ ಅಪ್ಪಣೆಯನ್ನು ಮುಂಚಿತವಾಗಿ ಪಡೆಯಿರಿ. ಲಿಂಗವನ್ನು ಯಾರು, ಎಲ್ಲಿ ಜೋಪಾನ ಮಾಡುವರು, ಮರಳಿ ಧರಿಸಲು ಯಾವಾಗ ಅಡ್ಡಿಯಿಲ್ಲ ಎಂಬುದನ್ನು ವೈದ್ಯರೊಂದಿಗೂ ಅರಿವಳಿಕೆ ತಜ್ಞರೊಂದಿಗೂ ಮಾತನಾಡಿರಿ. ಭಕ್ತರ ಈ ಭಾವನೆಗೆ ಕಿವಿಗೊಡುವ ವೈದ್ಯರು ಉಳಿದ ಮಾತುಗಳಿಗೂ ಕಿವಿಗೊಡುವರೆಂದು ನಂಬಬಹುದು.

ವೆಚ್ಚ ಮತ್ತು ನಂತರದ ದಿನಗಳು

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳು 2007ರ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ದರಗಳನ್ನು ಪ್ರಕಟಿಸಬೇಕು. ಅಂದಾಜು ವೆಚ್ಚವನ್ನು ಬರಹದಲ್ಲಿ ಕೇಳಿರಿ. ಎಲುಬಿಗೆ ಬಿಗಿಯುವ ಆಂಕರ್‌ಗಳ ಬೆಲೆ ಅದರಲ್ಲಿ ಸೇರಿದೆಯೇ ನೋಡಿರಿ. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆ ಸೇರಿದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಮೊದಲೇ ತಿಳಿದುಕೊಳ್ಳಬೇಕು. ಬೆಂಗಳೂರಿನಲ್ಲಿ ಮೂಳೆ ಚಿಕಿತ್ಸೆಗೆಂದೇ ಸಂಜಯ ಗಾಂಧಿ ಆಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯೂ ಇದೆ.

ಸ್ನಾಯು ಹೊಲಿದ ಬಳಿಕ ಸಾಮಾನ್ಯವಾಗಿ 4ರಿಂದ 6 ವಾರ ಕೈಯನ್ನು ಜೋಳಿಗೆಪಟ್ಟಿಯಲ್ಲಿ ಇರಿಸಬೇಕು. ಪೂರ್ಣ ಬಲ ಮರಳಲು 6 ತಿಂಗಳು ಅಥವಾ ಅದಕ್ಕೂ ಹೆಚ್ಚು ಬೇಕಾದೀತು. ದೂರದ ನಗರದ ವೈದ್ಯರನ್ನು ಆರಿಸಿಕೊಂಡರೆ, ಮರುತಪಾಸಣೆಗೆ ಹೋಗಿಬರಲು ಸಾಧ್ಯವೇ, ಊರಿನ ಸಮೀಪದಲ್ಲಿ ಫಿಸಿಯೋಥೆರಪಿ ದೊರೆಯುವುದೇ ಎಂಬುದನ್ನು ಆಲೋಚಿಸಬೇಕು. ವ್ಯಾಯಾಮವನ್ನು ನಡುವೆ ಕೈಬಿಟ್ಟರೆ ಒಳ್ಳೆಯ ಶಸ್ತ್ರಚಿಕಿತ್ಸೆಯ ಫಲವೂ ಕೈತಪ್ಪುತ್ತದೆ. ಬಿತ್ತನೆಯ ಕಾಲವನ್ನೂ ಮನೆಯ ಶುಭಕಾರ್ಯಗಳನ್ನೂ ನೋಡಿಕೊಂಡು, ನೆರವಿಗೆ ಒಬ್ಬರನ್ನು ಗೊತ್ತುಮಾಡಿಕೊಂಡು ದಿನ ನಿಶ್ಚಯಿಸಿರಿ.